ಪಕ್ಕದವರ ಗಡಿ ಹತ್ತಿರ ಜಿಂಕೆ ಬೇಟೆ: ಪೆನ್ಸಿಲ್ವೇನಿಯಾದಲ್ಲಿ ಜಮೀನು ತಗೊಂಡವರು ತಿಳಿದಿರಬೇಕಾದ್ದು

ಪೆನ್ಸಿಲ್ವೇನಿಯಾದ ಹಳ್ಳಿ ಕಡೆ ಮನೆ ಜೊತೆ ಐದೋ ಹತ್ತೋ ಎಕರೆ ಕಾಡು ಸೇರಿಸಿ ತಗೊಂಡಿರುವ ಕನ್ನಡದವರಿಗೆ ಇದು. ಬೇಟೆ ಕಲಿತು ಲೈಸೆನ್ಸ್ ಮಾಡಿಸಿಕೊಂಡವರಿಗೂ ಸರಿ, ಕೋವಿ ಮುಟ್ಟದೆ, ಮಾಂಸವನ್ನೂ ತಿನ್ನದೆ, ನವೆಂಬರ್ ಬಂದ ಕೂಡಲೇ ಪಕ್ಕದ ಮನೆಯವರು ಕಿತ್ತಳೆ ಜಾಕೆಟ್ ಹಾಕಿಕೊಂಡು ಗಡಿಯಲ್ಲಿ ಓಡಾಡುವುದನ್ನು ಕಿಟಕಿಯಿಂದ ನೋಡಿ ಗಾಬರಿಯಾಗುವವರಿಗೂ ಸರಿ.

ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅನ್ನೋದು ಅಜ್ಜಂದಿರ ಕಥೆಗೆ ಸೇರಿಹೋಯಿತು. ಮಲೆನಾಡಿನಲ್ಲೋ ಕೊಡಗಿನಲ್ಲೋ ಜಗುಲಿ ಗೋಡೆಯ ಕೊಂಬು ನೋಡುತ್ತಾ ಬೆಳೆದವರಿಗೂ ಬೇಟೆಯ ರೀತಿ ರಿವಾಜು ಗೊತ್ತಿರುವುದಿಲ್ಲ. ಇಲ್ಲಿ ಹಾಗಲ್ಲ. ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಸೋಮವಾರ ಎಷ್ಟೋ ಹಳ್ಳಿ ಶಾಲೆಗಳಿಗೆ ರಜೆ ಇರುತ್ತದೆ, ಯಾಕೆಂದರೆ ಹಿಂದೆ ರೈಫಲ್ ಸೀಸನ್ ಶುರುವಾಗುತ್ತಿದ್ದದ್ದು ಅವತ್ತೇ. 2019ರಿಂದ ಅದು ಶನಿವಾರಕ್ಕೆ ಬಂತು, ರಜೆ ಮಾತ್ರ ಹಾಗೇ ಉಳಿದಿದೆ. ಇಷ್ಟು ಹಳೆಯ ರೂಢಿ ಇರುವ ಕಡೆ ಹೊಸಬರು ಬಂದು ಸೇರಿದಾಗ, ಕಾನೂನು ಪುಸ್ತಕದಲ್ಲಿ ಇರುವುದು ಅರ್ಧ ಮಾತ್ರ, ಇನ್ನರ್ಧ ಯಾರೂ ಬರೆದಿಟ್ಟಿಲ್ಲ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಡಿ ಹತ್ತಿರದ ಬೇಟೆಯಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಒಂದೇ ಗಳಿಗೆಯಲ್ಲಿ, ಈಡು ತಗುಲಿದ ಜಿಂಕೆ ಬೇಲಿ ಹಾರಿ ಆ ಕಡೆ ಹೋದಾಗ. ಕೆಳಗೆ ಹೇಳುವ ಲೆಕ್ಕಾಚಾರವೆಲ್ಲ ಆ ಗಳಿಗೆ ಬರದ ಹಾಗೆ ನೋಡಿಕೊಳ್ಳುವುದಕ್ಕೆ. ಬಂದೇಬಿಟ್ಟರೆ, ಫೋನ್ ತೆಗೆದು ಮಾತಾಡುವಷ್ಟು ಪರಿಚಯ ಇರಲಿ ಅನ್ನುವುದಕ್ಕೆ.

ಮೊದಲು ಗಡಿ ಎಲ್ಲಿ ಅಂತ ಗೊತ್ತಿರಲಿ

ಬೇಲಿ ಇದ್ದ ಕಡೆಯೇ ಗಡಿ ಅಂದುಕೊಳ್ಳಬೇಡಿ. ಇಲ್ಲಿನ ಕಾಡಿನಲ್ಲಿ ನೂರಾರು ವರ್ಷದ ಕಲ್ಲಿನ ಸಾಲು ಸಿಗುತ್ತದೆ, ತುಕ್ಕು ಹಿಡಿದ ಮುಳ್ಳುತಂತಿ ಸಿಗುತ್ತದೆ, ಮರ ದಪ್ಪಗಾಗಿ ಆ ತಂತಿಯನ್ನೇ ನುಂಗಿಬಿಟ್ಟಿರುತ್ತದೆ. ಅದು ಯಾವ ಕಾಲದಲ್ಲಿ ಯಾರ ಹಸುವನ್ನು ತಡೆಯಲು ಹಾಕಿದ್ದೋ! ಲೆಕ್ಕಕ್ಕೆ ಬರುವುದು ಡೀಡ್‌ನಲ್ಲಿ (ಕ್ರಯಪತ್ರದಲ್ಲಿ) ಇರುವ ಅಳತೆ ಮತ್ತು ಸರ್ವೆಯವರು ಮೂಲೆಯಲ್ಲಿ ಹೊಡೆದ ಕಬ್ಬಿಣದ ಗೂಟ. ಊರಲ್ಲಿ ಬಾಂದು ಕಲ್ಲು ಹುಡುಕುವ ಹಾಗೆಯೇ ಎಲೆ ಸರಿಸಿ ಆ ಗೂಟ ಹುಡುಕಬೇಕು.

ಆನ್‌ಎಕ್ಸ್ ಹಂಟ್ ತರಹದ ಆ್ಯಪ್‌ಗಳು ಫೋನಿನಲ್ಲಿ ಗಡಿ ಗೆರೆ ತೋರಿಸುತ್ತವೆ, ಮಾಲೀಕರ ಹೆಸರೂ ತೋರಿಸುತ್ತವೆ. ತುಂಬಾ ಉಪಯೋಗ. ಆದರೆ ಅದು ಕೌಂಟಿಯ ತೆರಿಗೆ ನಕ್ಷೆಯ ಗೆರೆ, ಸರ್ವೆ ಅಲ್ಲ. ದಟ್ಟ ಕಾಡಿನೊಳಗೆ ಫೋನ್ ತೋರಿಸುವ ಜಾಗವೂ ನಾಲ್ಕಾರು ಮೀಟರ್ ಆಚೀಚೆ ಇರುತ್ತದೆ. ಎರಡೂ ತಪ್ಪು ಸೇರಿದರೆ ನೀವು ನಿಂತಿರುವ ಮರ ಯಾರದು ಅಂತ ಖಾತ್ರಿಯಾಗಿ ಹೇಳುವುದಕ್ಕೆ ಆಗುವುದಿಲ್ಲ. ಅನುಮಾನ ಇದ್ದರೆ ಸರ್ವೆ ಮಾಡಿಸಿ ಹದ್ದುಬಸ್ತು ಮಾಡಿಕೊಳ್ಳಿ, ಖರ್ಚನ್ನು ಪಕ್ಕದವರು ಹಂಚಿಕೊಂಡರೂ ಹಂಚಿಕೊಳ್ಳಬಹುದು, ಕೇಳಿ ನೋಡಿ.

ಮರಗಳ ಮೇಲೆ ನೇರಳೆ ಬಣ್ಣದ ಉದ್ದ ಪಟ್ಟಿ ಕಂಡರೆ ಅದು ಅಲಂಕಾರ ಅಲ್ಲ. 2020ರ ಜನವರಿಯಿಂದ ಪೆನ್ಸಿಲ್ವೇನಿಯಾದಲ್ಲಿ ಆ ಪಟ್ಟಿಗೆ ‘ಒಳಗೆ ಬರಬೇಡಿ’ ಬೋರ್ಡಿನಷ್ಟೇ ಬೆಲೆ ಇದೆ. ಪಟ್ಟಿ ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲ ಇರಬೇಕು, ನೆಲದಿಂದ 3ರಿಂದ 5 ಅಡಿ ಮೇಲೆ ಇರಬೇಕು, ಒಂದಕ್ಕೂ ಇನ್ನೊಂದಕ್ಕೂ 100 ಅಡಿಗಿಂತ ಜಾಸ್ತಿ ದೂರ ಇರಬಾರದು. ಫಿಲಡೆಲ್ಫಿಯಾ ಕೌಂಟಿಗೂ ಪಿಟ್ಸ್‌ಬರ್ಗ್ ಇರುವ ಆಲಿಗೇನಿ ಕೌಂಟಿಗೂ ಈ ಕಾನೂನು ಇಲ್ಲ. ನೀವೇ ಬಳಿಯುವುದಾದರೆ ಬಳಿಯುವ ಮೊದಲು ಪಕ್ಕದವರಿಗೆ ಒಂದು ಮಾತು ಹೇಳಿ. ಹೇಳದೆ ಒಂದು ಬೆಳಿಗ್ಗೆ ಗಡಿಯುದ್ದಕ್ಕೂ ನೇರಳೆ ಪಟ್ಟಿ ಎದ್ದು ನಿಂತರೆ, ಇಪ್ಪತ್ತು ವರ್ಷದಿಂದ ಆ ಕಾಡಿನಲ್ಲಿ ನಡೆದಾಡಿದವರಿಗೆ ಮುಖಕ್ಕೆ ಹೊಡೆದ ಹಾಗಾಗುತ್ತದೆ.

ಪಕ್ಕದ ಮನೆಯ ಸೇಫ್ಟಿ ಝೋನ್ ನಿಮ್ಮ ಜಮೀನಿನೊಳಗೂ ಬರುತ್ತದೆ

ಜನ ಎಡವುವುದು ಇಲ್ಲೇ. ‘ನನ್ನ ಜಮೀನು, ನಾನು ಎಲ್ಲಿ ಬೇಕಾದರೂ ಕೂರುತ್ತೇನೆ’ ಅನ್ನುವುದು ನಡೆಯುವುದಿಲ್ಲ. ಜನ ವಾಸವಿರುವ ಮನೆಯಿಂದ, ಅದಕ್ಕೆ ಸೇರಿದ ಕೊಟ್ಟಿಗೆಯಿಂದ ಕೂಡ, ಕೋವಿಯಾದರೆ 150 ಗಜದೊಳಗೆ, ಬಿಲ್ಲು ಅಥವಾ ಕ್ರಾಸ್‌ಬೋ (ಕೋವಿಯ ಹಾಗೆ ಟ್ರಿಗರ್ ಎಳೆದು ಬಾಣ ಬಿಡುವ ಬಿಲ್ಲು) ಆದರೆ 50 ಗಜದೊಳಗೆ, ಆ ಮನೆಯವರ ಅನುಮತಿ ಇಲ್ಲದೆ ಬೇಟೆಯಾಡುವ ಹಾಗಿಲ್ಲ. ಮನೆ ಸುತ್ತಲಿನ ಈ ಜಾಗಕ್ಕೇ ಸೇಫ್ಟಿ ಝೋನ್ ಅನ್ನುವುದು, ಅದರ ಅಳತೆ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಚೌಕಾಕಾರದ 5 ಎಕರೆ ಅಂದರೆ ಒಂದೊಂದು ಬದಿ ಸುಮಾರು 467 ಅಡಿ, ಹತ್ತಿರ ಹತ್ತಿರ 155 ಗಜ. ಪಕ್ಕದವರ ಮನೆ ಗಡಿಯಿಂದ 30 ಗಜ ಆಚೆ ಇದ್ದರೆ, ಅವರ ಸೇಫ್ಟಿ ಝೋನ್ ಆ ನೇರಕ್ಕೆ ನಿಮ್ಮ ಜಮೀನಿನ 120 ಗಜವನ್ನು ತಿಂದುಹಾಕುತ್ತದೆ. ಉಳಿದದ್ದು 35 ಗಜ, ಅದರಾಚೆ ಇನ್ನೊಬ್ಬರ ಮನೆ ಇದ್ದರೆ ಅದೂ ಹೋಯಿತು. ಅಂದರೆ ಸಣ್ಣ ಜಮೀನಿನಲ್ಲಿ ಪಕ್ಕದವರ ಒಪ್ಪಿಗೆ ಇಲ್ಲದೆ ರೈಫಲ್ ಬೇಟೆ ಅನ್ನುವುದೇ ಇಲ್ಲ. ನನ್ನನ್ನು ಕೇಳಿದರೆ ಹತ್ತು ಎಕರೆ ಒಳಗಿನವರು ರೈಫಲ್ ಆಸೆ ಬಿಟ್ಟು ಕ್ರಾಸ್‌ಬೋ ಹಿಡಿಯುವುದೇ ವಾಸಿ. ಸದ್ದಿಲ್ಲ, ದೂರ ಹೋಗುವುದಿಲ್ಲ, ಅಕ್ಕಪಕ್ಕದವರ ನಿದ್ದೆಯೂ ಕೆಡುವುದಿಲ್ಲ.

ಆಗಸ್ಟ್‌ನಲ್ಲೇ ಹೋಗಿ ಮಾತಾಡಿ

ಬಿಲ್ಲಿನ ಸೀಸನ್ ಅಕ್ಟೋಬರ್ ಸುಮಾರಿಗೆ ಶುರುವಾಗುತ್ತದೆ. ಹಿಂದಿನ ರಾತ್ರಿ ಹೋಗಿ ಬಾಗಿಲು ತಟ್ಟಿದರೆ ಅದು ಮಾತುಕತೆ ಅಲ್ಲ, ಒತ್ತಾಯ. ಬೇಸಿಗೆಯಲ್ಲೇ ಹೋಗಿ. ಹಗಲು ಹೊತ್ತಿನಲ್ಲಿ, ಬೇಟೆ ಬಟ್ಟೆ ಹಾಕಿಕೊಳ್ಳದೆ, ಒಬ್ಬರೇ ಅಥವಾ ಮನೆಯವರ ಜೊತೆ. ಕೈಯಲ್ಲಿ ಒಂದು ಡಬ್ಬಿ ನಿಪ್ಪಟ್ಟು ಇದ್ದರೆ ಇನ್ನೂ ಒಳ್ಳೆಯದು, ಅದನ್ನು ಬೇಡ ಅಂದವರನ್ನು ನಾನು ಇನ್ನೂ ನೋಡಿಲ್ಲ.

ಏನು ಮಾತಾಡಬೇಕು? ನೀವು ಬೇಟೆಯಾಡುತ್ತೀರಿ ಅಂತ ನೇರವಾಗಿ ಹೇಳಿ. ಅವರೂ ಆಡುತ್ತಾರಾ, ಎಲ್ಲಿ ಮರಸು ಕೂರುತ್ತಾರೆ (ಅಡಗಿ ಕಾಯುತ್ತಾರೆ), ಮಕ್ಕಳು ಎಲ್ಲಿ ಆಡುತ್ತಾರೆ, ನಾಯಿ ಬಿಟ್ಟಿರುತ್ತಾರಾ, ಕುದುರೆ ಇದೆಯಾ ಅಂತ ಕೇಳಿ. ಫೋನಿನ ನಕ್ಷೆ ತೆಗೆದು ಇಬ್ಬರೂ ಕೂತು ನಿಮ್ಮ ಅಟ್ಟಣೆ ಎಲ್ಲಿ, ಅವರದು ಎಲ್ಲಿ ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಮುಖ್ಯವಾದದ್ದು ಕೇಳಿ: ‘ಗಾಯವಾದ ಜಿಂಕೆ ನಿಮ್ಮ ಕಡೆ ಬಂದುಬಿಟ್ಟರೆ ನಾನು ಏನು ಮಾಡಲಿ? ಫೋನ್ ಮಾಡಲಾ, ಬಾಗಿಲು ತಟ್ಟಲಾ, ರಾತ್ರಿ ಎಷ್ಟು ಗಂಟೆವರೆಗೆ ಮಾಡಬಹುದು?’ ಇದೊಂದು ಪ್ರಶ್ನೆ ಕೇಳಿದ್ದಕ್ಕೇ ಎದುರಿನವರ ಮುಖ ಬದಲಾಗುವುದನ್ನು ನೋಡಿದ್ದೇನೆ. ಈ ಮನುಷ್ಯನಿಗೆ ಗೊತ್ತಿದೆ ಅಂತ ಅನ್ನಿಸುತ್ತದೆ.

ಅವರ ಜಮೀನಿಗೆ ಕಾಲಿಡುವ ಅನುಮತಿ ಸಿಕ್ಕರೆ ಬರಹದಲ್ಲಿ ತಗೊಳ್ಳಿ. 2019ರಲ್ಲಿ ರಾಜ್ಯ ಕೆಲವು ಭಾನುವಾರಗಳಲ್ಲಿ ಬೇಟೆಗೆ ಬಿಟ್ಟಾಗ, ಖಾಸಗಿ ಜಮೀನಾದರೆ ಮಾಲೀಕರ ಲಿಖಿತ ಅನುಮತಿ ಬೇಕು ಅಂತಲೇ ಸೇರಿಸಿತ್ತು. ಮಿಕ್ಕ ದಿನಗಳಿಗೂ ಒಂದು ಚೀಟಿ ಇದ್ದರೆ ಯಾರಿಗೂ ತೊಂದರೆ ಇಲ್ಲ. ಯಾರು, ಎಲ್ಲಿ, ಯಾವ ತಿಂಗಳು, ಕಾರು ಎಲ್ಲಿ ನಿಲ್ಲಿಸುವುದು, ಇಷ್ಟು ಇದ್ದರೆ ಸಾಕು. ನಿಮಗೆ ಕೊಟ್ಟ ಅನುಮತಿ ನಿಮಗೆ ಮಾತ್ರ. ನ್ಯೂಜೆರ್ಸಿಯಿಂದ ಬಂದ ಭಾವನನ್ನೋ ಆಫೀಸಿನ ಗೆಳೆಯನನ್ನೋ ಕರೆದುಕೊಂಡು ಹೋಗುವುದಕ್ಕೆ ಅಲ್ಲ. ‘ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ನನ್ನ ಮೇಲೆ ಕೇಸ್ ಹಾಕ್ತಾರೆ’ ಅನ್ನುವ ಭಯ ಇಲ್ಲಿ ಸಹಜ. ದುಡ್ಡು ತಗೊಳ್ಳದೆ ಜಮೀನನ್ನು ಬೇಟೆ, ಸುತ್ತಾಟಕ್ಕೆ ಬಿಟ್ಟುಕೊಡುವ ಮಾಲೀಕರಿಗೆ 1966ರಿಂದ ಒಂದು ರಾಜ್ಯ ಕಾನೂನಿನ ರಕ್ಷಣೆ ಇದೆ, ಅದನ್ನು ತಿಳಿಸಿ. ಬೇಡ ಅಂದರೆ ಬೇಡ. ಯಾಕೆ ಅಂತ ಕೇಳಬೇಡಿ, ಥ್ಯಾಂಕ್ಸ್ ಹೇಳಿ ಬನ್ನಿ, ಫೋನ್ ನಂಬರ್ ಮಾತ್ರ ಅದಲುಬದಲು ಮಾಡಿಕೊಳ್ಳಿ.

ಅಂದಹಾಗೆ ಎಚ್-1ಬಿ ಅಥವಾ ಅಂಥ ವೀಸಾದಲ್ಲಿ ಇರುವವರಿಗೆ ಒಂದು ಎಚ್ಚರಿಕೆ. ಫೆಡರಲ್ ಕಾನೂನಿನ ಪ್ರಕಾರ ನೀವು ಕೋವಿ ಇಟ್ಟುಕೊಳ್ಳುವ ಹಾಗೇ ಇಲ್ಲ. ರಾಜ್ಯದ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ಅದನ್ನು ನಂಬಿಕೊಂಡು ಹೊರಡುವ ಮೊದಲು ವಕೀಲರನ್ನು ಕೇಳಿ. ಪಕ್ಕದವರ ರೈಫಲ್ ಹಿಡಿದು ಸುಮ್ನೆ ಒಂದು ಫೋಟೋ ಅಂತ ನಿಲ್ಲುವುದೂ ಬೇಡ.

ಅಟ್ಟಣೆ ಎಲ್ಲಿ ಕಟ್ಟಬೇಕು

ಗಡಿಯ ಮರಕ್ಕೆ ಕಟ್ಟಬೇಡಿ. ಗಡಿ ಮೇಲೆಯೇ ಇರುವ ಮರ ಇಬ್ಬರದೂ. ಗಡಿಯಿಂದ ಹತ್ತಡಿ ಈಚೆ ಏಣಿ ನಿಲ್ಲಿಸಿ, ಮುಖ ಪಕ್ಕದವರ ಹುಲ್ಲುಗಾವಲಿನ ಕಡೆ ಮಾಡಿ ಕೂತರೆ ಕಾನೂನು ಏನೂ ಅನ್ನದೇ ಇರಬಹುದು, ಪಕ್ಕದವರು ಮಾತ್ರ ಅದನ್ನು ಮರೆಯುವುದಿಲ್ಲ. ಅವರ ಜಿಂಕೆಯ ಮೇಲೆ ಕಣ್ಣಿಟ್ಟು ಕೂತಿದ್ದೀರಿ ಅಂತಲೇ ಓದಿಕೊಳ್ಳುತ್ತಾರೆ, ಮತ್ತೆ ಅದು ನಿಜವೂ ಹೌದಲ್ವಾ? ಜಿಂಕೆ ಯಾರ ಆಸ್ತಿಯೂ ಅಲ್ಲ ನಿಜ. ಆದರೂ.

ಬಾಣ ಚೆನ್ನಾಗಿ ತಗುಲಿದ ಜಿಂಕೆ ಕೂಡ ನೂರು ಗಜ ಓಡುವುದು ಮಾಮೂಲು. ಹಾಗಾಗಿ ಜಾಗ ಇದ್ದರೆ ಗಡಿಯಿಂದ ನೂರು ಗಜ ಒಳಗೆ ಬನ್ನಿ. ಇಲ್ಲದಿದ್ದರೆ ಇರುವುದರಲ್ಲೇ ಒಳಗೆ. ಬೆನ್ನು ಗಡಿಗೆ, ಮುಖ ನಿಮ್ಮ ಜಮೀನಿನ ಒಳಕ್ಕೆ. ಗಾಳಿಯ ದಿಕ್ಕಿನಿಂದಾಗಿ ಗಡಿ ಹತ್ತಿರವೇ ಕೂರಬೇಕಾಗಿ ಬಂದರೆ ಪಕ್ಕದವರಿಗೆ ಮೊದಲೇ ಹೇಳಿ, ‘ಆ ಕಡೆ ಹೊಡೆಯುವುದಿಲ್ಲ’ ಅಂತಲೂ ಹೇಳಿ. ಕಣ್ಣಿಗೆ ಅಡ್ಡ ಬರುತ್ತದೆ ಅಂತ ಅವರ ಕಡೆಯ ಕೊಂಬೆ ಕಡಿಯುವುದು, ಕ್ಯಾಮೆರಾವನ್ನು ಅವರ ಅಂಗಳದ ಕಡೆ ತಿರುಗಿಸಿ ಕಟ್ಟುವುದು, ಇವೆರಡೂ ಬೇಡವೇ ಬೇಡ. ಜಿಂಕೆಯನ್ನು ಸೆಳೆಯಲು ಗಡಿ ಪಕ್ಕ ಜೋಳ ಸುರಿಯುವುದಂತೂ ಇಲ್ಲಿ ಬಹುತೇಕ ಕಡೆ ಅಪರಾಧ.

ಸೀಸನ್ ಶುರುವಾಗುವ ಮೊದಲ ಶನಿವಾರ ಬೆಳಗಾಗುವ ಮೊದಲೇ ಹೋಗಿ ಕೂತುಬಿಡಿ. ಬೇಟೆಗೆ ಹೊತ್ತು ಶುರುವಾಗುವುದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು. ಆ ಹೊತ್ತಿಗೆ ಟಾರ್ಚ್ ಹಿಡಿದು ಪಕ್ಕದವರ ಅಟ್ಟಣೆ ಕೆಳಗೆ ಎಲೆ ಸರಗುಟ್ಟಿಸುತ್ತಾ ಹೋದರೆ ಅವರ ಒಂದು ವರ್ಷದ ಕಾಯುವಿಕೆ ನೀರುಪಾಲು.

ಗುರಿಯ ಹಿಂದೆ ಏನಿದೆ

ಥರ್ಟಿ-ಆಟ್-ಸಿಕ್ಸ್ ತರಹದ ರೈಫಲ್ ಗುಂಡು ತಡೆಯಿಲ್ಲದೆ ಹೋದರೆ ಮೈಲಿಗಟ್ಟಲೆ ಹೋಗುತ್ತದೆ. ದಿಬ್ಬದ ನೆತ್ತಿಯಲ್ಲಿ, ಆಕಾಶದ ಎದುರಿಗೆ ನಿಂತ ಜಿಂಕೆಗೆ ಯಾವತ್ತೂ ಹೊಡೆಯಬೇಡಿ. ಹಿಂದೆ ಮಣ್ಣಿನ ಏರಿಯೋ ಬೆಟ್ಟದ ಮೈಯೋ ಕಾಣಬೇಕು. ಅಟ್ಟಣೆ ಮೇಲಿಂದ ಕೆಳಮುಖವಾಗಿ ಹೊಡೆದರೆ ಗುಂಡು ನೆಲಕ್ಕೆ ಹೋಗುತ್ತದೆ, ಎತ್ತರದಲ್ಲಿ ಕೂರುವುದಕ್ಕೆ ಅದೂ ಒಂದು ಕಾರಣ. ಗಡಿಯ ಆಚೆ ನಿಂತ ಜಿಂಕೆಗೆ ಅನುಮತಿ ಇಲ್ಲದೆ ಹೊಡೆಯುವ ಮಾತೇ ಇಲ್ಲ. ಈಚೆ ನಿಂತಿದ್ದರೂ ಅದರ ತಲೆ ಗಡಿಯ ಕಡೆ ಇದೆಯಾ ನೋಡಿ. ಗಾಯವಾದ ಪ್ರಾಣಿ ಹೆಚ್ಚಾಗಿ ಮುಖ ಇದ್ದ ಕಡೆಗೇ ಮೊದಲ ಜಿಗಿತ ಹಾಕುತ್ತದೆ. ಗಡಿಗೆ ಇಪ್ಪತ್ತು ಗಜ, ಸಂಜೆ ಹೊತ್ತು, ಓರೆಯಾಗಿ ನಿಂತಿದೆ ಅಂದರೆ ಬಿಟ್ಟುಬಿಡಿ. ನಾಳೆ ಬರುತ್ತದೆ, ಇಲ್ಲ ಅದರ ತಂಗಿ ಬರುತ್ತದೆ.

ರೈಫಲ್ ಸೀಸನ್‌ನಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಹೊಳೆಯುವ ಕಿತ್ತಳೆ ಬಣ್ಣ ಕಡ್ಡಾಯ. ಒಂದು ಟೋಪಿ, ಒಂದು ವೆಸ್ಟ್ ಇದ್ದರೆ ಆಯಿತು.

ಬೇಲಿ ಹಾರಿತು, ಈಗ?

ಗಡಿಯಲ್ಲಿ ನಿಂತುಬಿಡಿ. ಬೇರೆ ಕೆಲವು ರಾಜ್ಯಗಳ ಕಾನೂನು ಬೇರೆ ಇರಬಹುದು, ಆದರೆ ಪೆನ್ಸಿಲ್ವೇನಿಯಾದಲ್ಲಿ ‘ನಾನು ಹೊಡೆದ ಜಿಂಕೆ, ತರುವುದಕ್ಕೆ ಹೋಗುತ್ತೇನೆ’ ಅನ್ನುವ ಹಕ್ಕು ಇಲ್ಲ. ಸತ್ತು ಹತ್ತು ಗಜದಲ್ಲಿ ಕಣ್ಣಿಗೆ ಕಾಣುತ್ತಾ ಬಿದ್ದಿದ್ದರೂ ಇಲ್ಲ.

ಕೋವಿಯ ಗುಂಡು ತೆಗೆಯಿರಿ. ಹೊಡೆದ ಜಾಗಕ್ಕೆ, ಕೊನೆಯ ರಕ್ತ ಕಂಡ ಜಾಗಕ್ಕೆ ಒಂದೊಂದು ಬಣ್ಣದ ಟೇಪು ಕಟ್ಟಿ. ಆಮೇಲೆ ಎಲೆಯ ಮೇಲಿನ ರಕ್ತವನ್ನು ಬಗ್ಗಿ ನೋಡಿ. ತಿಳಿ ಕೆಂಪು, ಸಣ್ಣ ಗುಳ್ಳೆ ಗುಳ್ಳೆ ನೊರೆ ಇದ್ದರೆ ಶ್ವಾಸಕೋಶ, ಜಿಂಕೆ ಹತ್ತಿರದಲ್ಲೇ ಬಿದ್ದಿರುತ್ತದೆ. ಗಾಢ, ಕಪ್ಪುಗೆಂಪು ಆದರೆ ಪಿತ್ತಜನಕಾಂಗ ಇರಬಹುದು, ನಾಲ್ಕಾರು ಗಂಟೆ ಕಾಯಬೇಕು. ರಕ್ತದ ಜೊತೆ ಹಸಿರು-ಕಂದು ರಸ, ಹುಳಿ ವಾಸನೆ ಬಂದರೆ ಹೊಟ್ಟೆಗೆ ತಗುಲಿದೆ, ಎಂಟು ಗಂಟೆಯಾದರೂ ಬಿಟ್ಟುಬಿಡಬೇಕು, ಅಟ್ಟಿಸಿಕೊಂಡು ಹೋದರೆ ಅದು ಎದ್ದು ಮೂರನೆಯವರ ಜಮೀನಿಗೆ ಹೋಗುತ್ತದೆ. ಹೇಗೂ ಕಾಯಲೇಬೇಕಾದ ಈ ಹೊತ್ತಿನಲ್ಲೇ ಫೋನ್ ಮಾಡಿ.

ಫೋನಿನಲ್ಲಿ ಇದ್ದದ್ದು ಇದ್ದ ಹಾಗೆ ಹೇಳಿ: ಎಷ್ಟು ಹೊತ್ತಿಗೆ, ಎಲ್ಲಿ ಹೊಡೆದೆ, ಎಲ್ಲಿ ದಾಟಿತು, ಈಗ ಗಡಿಯಲ್ಲಿ ನಿಂತಿದ್ದೇನೆ, ನೀವು ಹೂಂ ಅಂದರೆ ಬರುತ್ತೇನೆ, ಬೇಕಾದರೆ ನೀವೂ ಜೊತೆಗೆ ಬನ್ನಿ. ಕೋವಿ ಬಿಟ್ಟೇ ಹೋಗಿ. ಜೀವ ಇದ್ದರೆ ಮುಗಿಸಬೇಕಾಗಬಹುದು ಅನ್ನಿಸಿದರೆ ಅದಕ್ಕೆ ಬೇರೆಯಾಗಿ ಕೇಳಿ. ಜಿಂಕೆ ಸಿಕ್ಕಿದ ಮೇಲೆ ಅಲುಗಿಸುವ ಮೊದಲೇ ಕಿವಿಗೆ ಬೇಟೆಯ ಟ್ಯಾಗ್ (ಗುರುತಿನ ಚೀಟಿ) ಕಟ್ಟಬೇಕು. ಆದರೆ ಅಲ್ಲೇ ಹೊಟ್ಟೆ ಬಗೆಯುವುದು ಬೇಡ, ಕರುಳಿನ ರಾಶಿ ಪಕ್ಕದವರ ನಾಯಿ ಮನೆಗೆ ಎಳೆದುಕೊಂಡು ಬಂದರೆ ಆ ಮನೆಯಾಕೆಯ ಮುಖ ಹೇಗಾಗುತ್ತದೆ ಯೋಚಿಸಿ. ಎಳೆದು ನಿಮ್ಮ ಕಡೆ ತಂದು, ಗಡಿಯಿಂದ ದೂರದಲ್ಲಿ ಆ ಕೆಲಸ ಮಾಡಿ. ಬರುವಾಗ ಕಟ್ಟಿದ ಟೇಪು ಎಲ್ಲ ಬಿಚ್ಚಿಕೊಂಡು ಬನ್ನಿ.

ಫೋನ್ ಎತ್ತದಿದ್ದರೆ? ಮೆಸೇಜ್ ಹಾಕಿ, ರಸ್ತೆ ಕಡೆಯಿಂದ ಹೋಗಿ ಬಾಗಿಲು ತಟ್ಟಿ. ಆಗುವುದಿಲ್ಲ ಅಂದರೆ? ಬೇಟೆ ಕಾನೂನು ನೋಡಿಕೊಳ್ಳುವ ರಾಜ್ಯದ ಅಧಿಕಾರಿ, ಅಂದರೆ ಗೇಮ್ ವಾರ್ಡನ್‌ಗೆ ತಿಳಿಸಿ. ಅವರು ಮಾಲೀಕರ ಹತ್ತಿರ ಮಾತಾಡಿ ನೋಡಬಹುದು, ಬಲವಂತ ಮಾಡುವ ಹಾಗಿಲ್ಲ. ರಕ್ತದ ಜಾಡು ಸಿಗದೇ ಹೋದರೆ ಹಗ್ಗ ಕಟ್ಟಿದ ಜಾಡು ಹಿಡಿಯುವ ನಾಯಿ ಕರೆಸಬಹುದು, 2018ರಿಂದ ಇಲ್ಲಿ ಅದಕ್ಕೆ ಅವಕಾಶ ಇದೆ. ಆದರೆ ನಾಯಿ ಇದ್ದರೂ ಗಡಿ ದಾಟುವುದಕ್ಕೆ ಅನುಮತಿ ಬೇಕೇ ಬೇಕು.

ಬೇಟೆ ಆಡದವರು ಏನು ಮಾಡಬೇಕು

ನೀವು ಸಸ್ಯಾಹಾರಿ, ಪ್ರಾಣಿ ಕೊಲ್ಲುವುದು ಕಂಡರೆ ಸಂಕಟ, ಸರಿ. ನಿಮ್ಮ ಜಮೀನಿಗೆ ಬರಬೇಡಿ ಅನ್ನುವ ಪೂರ್ತಿ ಹಕ್ಕು ನಿಮಗಿದೆ. ಸೇಫ್ಟಿ ಝೋನ್ ವಿಷಯದಲ್ಲೂ ಒಪ್ಪಿಗೆ ಕೊಡದೆ ಇರಬಹುದು. ಆದರೆ ಅವರು ತಮ್ಮ ಜಮೀನಿನಲ್ಲಿ, ಕಾನೂನಿನ ಒಳಗೆ ಆಡುವ ಬೇಟೆಯನ್ನು ಬೇಕಂತಲೇ ಕೆಡಿಸುವ ಹಾಗಿಲ್ಲ. ಜಿಂಕೆ ಓಡಿಸಲೆಂದೇ ಗಡಿಯಲ್ಲಿ ನಿಂತು ತಟ್ಟೆ ಬಡಿದರೆ ಅದು ಅಪರಾಧ, ಅಮೆರಿಕದ 50 ರಾಜ್ಯಗಳಲ್ಲೂ ಇಂಥ ಕಾನೂನು ಇದೆ. ನಿಮ್ಮ ದಿನದ ಕೆಲಸ ನೀವು ಮಾಡಿಕೊಳ್ಳಬಹುದು. ಆದರೂ ರೈಫಲ್ ಸೀಸನ್‌ನ ಆ ಎರಡು ವಾರ ಬೆಳಗಿನ ಮೊದಲ ಗಂಟೆ, ಸಂಜೆಯ ಕೊನೆಯ ಗಂಟೆ ಗಡಿ ಪಕ್ಕ ಸೌದೆ ಸೀಳುವ ಯಂತ್ರ ಹಾಕದೆ ಇದ್ದರೆ ಪಕ್ಕದವರು ಅದನ್ನು ಗಮನಿಸುತ್ತಾರೆ. ಮಕ್ಕಳು, ನೀವು, ನಾಯಿ, ಹೊರಗೆ ಹೋಗುವಾಗ ಎಲ್ಲರಿಗೂ ಕಿತ್ತಳೆ ವೆಸ್ಟ್. ಊರಿಂದ ಬಂದ ಅಪ್ಪ ಅಮ್ಮ ಬೆಳಿಗ್ಗೆ ಬಿಳಿ ಪಂಚೆ, ಕಂದು ಶಾಲು ಹೊದ್ದು ವಾಕಿಂಗ್ ಹೋಗುತ್ತಾರಲ್ಲ, ಅವರಿಗಂತೂ ಮೊದಲು. ಬಿಳಿಬಾಲದ ಜಿಂಕೆಗಳ ಕಾಡು ಇದು, ಮರಗಳ ನಡುವೆ ಬಿಳಿ ಅಲುಗಾಡಿದರೆ ಬೇಟೆಗಾರರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಗಾಯವಾದ ಜಿಂಕೆ ಹುಡುಕುವುದಕ್ಕೆ ಬಂದು ಕೇಳಿದರೆ ಮಾತ್ರ ಬಿಟ್ಟುಬಿಡಿ ಅನ್ನುತ್ತೇನೆ. ಇಲ್ಲ ಅಂದರೆ ಜಿಂಕೆ ಬದುಕುವುದಿಲ್ಲ, ನಿಮ್ಮ ಪೊದೆಯಲ್ಲಿ ಕೊಳೆಯುತ್ತದೆ ಅಷ್ಟೇ.

ಮಾಂಸ ಹಂಚುವುದು, ಸೀಸನ್ ಮುಗಿದ ಮೇಲೆ

ಅವರ ಜಮೀನಿನಲ್ಲಿ ಬಿದ್ದ ಜಿಂಕೆಯಾದರೆ, ಅಥವಾ ಸೇಫ್ಟಿ ಝೋನ್‌ಗೆ ಒಪ್ಪಿದವರಾದರೆ, ಒಂದು ಪಾಲು ಕೊಡುವುದು ರೂಢಿ. ಮೊದಲು ಬೇಕಾ ಅಂತ ಕೇಳಿ. ಕೊಡುವುದಾದರೆ ಬೆನ್ನಿನ ಮೆತ್ತನೆ ಮಾಂಸ ಕೊಡಿ, ಕೊನೆಗೆ ಉಳಿದ ಚೂರು ಅಲ್ಲ. ಸ್ವಚ್ಛ ಮಾಡಿ, ಪ್ಯಾಕ್ ಮಾಡಿ, ದಿನಾಂಕ ಬರೆದು. ಜಿಂಕೆಗಳಿಗೆ ಬರುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ರೋಗ 2012ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಮೊದಲು ಪತ್ತೆಯಾಯಿತು. ನಿಮ್ಮದು ಆ ರೋಗದ ವಲಯ ಆಗಿದ್ದರೆ ತಲೆಯನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೆ ಹಂಚಿ. ಮಂದಿಗೆ ಈ ರೋಗ ಬಂದ ಖಚಿತ ದಾಖಲೆ ಇಲ್ಲ, ಆದರೂ ರೋಗ ಇದ್ದ ಜಿಂಕೆಯನ್ನು ತಿನ್ನಬೇಡಿ ಅನ್ನುವುದು ಇಲ್ಲಿನ ಆರೋಗ್ಯ ಇಲಾಖೆಗಳ ಸಲಹೆ. ಪಕ್ಕದವರೂ ಬೇಡ ಅಂದು, ನಿಮ್ಮ ಫ್ರೀಜರ್‌ನಲ್ಲೂ ಜಾಗ ಇಲ್ಲದಿದ್ದರೆ ‘ಹಂಟರ್ಸ್ ಶೇರಿಂಗ್ ದ ಹಾರ್ವೆಸ್ಟ್’ ಅನ್ನುವ ಸಂಸ್ಥೆ 1991ರಿಂದ ಇಂಥ ಮಾಂಸವನ್ನು ಹಸಿದವರಿಗೆ ತಲುಪಿಸುತ್ತಿದೆ.

ಮಾಂಸ ತಿನ್ನದವರಿಗೆ ಪಕ್ಕದವರು ಪ್ಯಾಕೆಟ್ ತಂದುಕೊಟ್ಟರೆ ‘ನಮ್ಮ ಮನೆಯಲ್ಲಿ ತಿನ್ನುವುದಿಲ್ಲ, ನೆನಪಿಸಿಕೊಂಡಿರಲ್ಲ, ಸಂತೋಷ’ ಅಂತ ಬಾಗಿಲಲ್ಲೇ ನಗುತ್ತಾ ಹೇಳಿದರೆ ಸಾಕು. ತಗೊಂಡು ಆಮೇಲೆ ಕಸಕ್ಕೆ ಹಾಕುವುದು ಬೇಡ, ಇಲ್ಲಿ ಕಸದ ಡಬ್ಬಿ ರಸ್ತೆ ಬದಿಗೆ ಇಡುತ್ತಾರೆ, ಕರಡಿ ಕೆಡವಿದರೆ ಎಲ್ಲ ಬಯಲಾಗುತ್ತದೆ.

ಜನವರಿಯಲ್ಲಿ ಅವರ ಜಮೀನಿನಲ್ಲಿ ಇರುವ ಏಣಿ, ಕ್ಯಾಮೆರಾ, ಹಗ್ಗ ಬಿಚ್ಚಿ ತನ್ನಿ. ಅನುಮತಿ ಚೀಟಿ ಆ ವರ್ಷಕ್ಕೆ ಮುಗಿಯಿತು ಅಂತಲೇ ತಿಳಿದು ಮುಂದಿನ ಆಗಸ್ಟ್‌ನಲ್ಲಿ ಮತ್ತೆ ಕೇಳಿ. ನಡುವೆ ಅವರು ಮನೆ ಮಾರಿ ಹೋದರೆ ಹಳೆಯ ಮಾತು ಹೊಸಬರಿಗೆ ಅಂಟುವುದಿಲ್ಲ. ಅವರ ಸಾಮಾನು ಇಳಿಯುವ ಲಾರಿ ಬಂದು ಒಂದೆರಡು ವಾರ ಆದ ಮೇಲೆ, ನಿಪ್ಪಟ್ಟಿನ ಡಬ್ಬಿ ಹಿಡಿದು ನೀವೇ ಮೊದಲು ಹೋಗಿ.